ಹಾಂಗ್‌ಕಾಂಗಾ, ಬೋಸ್ಟನ್ನಾ? ಒಂದೇ ಕಥೆಯ ಎರಡು ಸಿನಿಮಾ

ಒಬ್ಬ ಪೊಲೀಸ್, ಗ್ಯಾಂಗಿನೊಳಗೆ ರೌಡಿಯಾಗಿ ಬದುಕುತ್ತಿದ್ದಾನೆ. ಇನ್ನೊಬ್ಬ ಗ್ಯಾಂಗಿನವನು, ಪೊಲೀಸ್ ಇಲಾಖೆಯಲ್ಲಿ ಒಳ್ಳೆ ಹೆಸರು ಮಾಡಿ ಮೇಲೇರುತ್ತಿದ್ದಾನೆ. ನಮ್ಮೊಳಗೇ ಯಾರೋ ಇದ್ದಾರೆ ಅಂತ ಎರಡೂ ಕಡೆ ವಾಸನೆ ಬಡಿಯುತ್ತದೆ. ಇಲಾಖೆಯೊಳಗಿನ ಕಳ್ಳನನ್ನು ಹಿಡಿಯುವ ಕೆಲಸ ಬೀಳುವುದು ಆ ಕಳ್ಳನ ತಲೆಗೇ!

2002ರಲ್ಲಿ ಆಂಡ್ರ್ಯೂ ಲಾವ್ ಮತ್ತು ಅಲನ್ ಮಾಕ್ ಈ ಕಥೆಯನ್ನು ಹಾಂಗ್‌ಕಾಂಗ್‌ನಲ್ಲಿ 'ಇನ್ಫರ್ನಲ್ ಅಫೇರ್ಸ್' ಮಾಡಿದರು. 2006ರಲ್ಲಿ ಮಾರ್ಟಿನ್ ಸ್ಕಾರ್ಸೆಸಿ ಅದನ್ನೇ ಬೋಸ್ಟನ್‌ಗೆ ಒಯ್ದು 'ದಿ ಡಿಪಾರ್ಟೆಡ್' ಮಾಡಿದರು. ಅದಕ್ಕೆ ನಾಲ್ಕು ಆಸ್ಕರ್ ಬಂತು. ಸ್ಕಾರ್ಸೆಸಿಗೆ ನಿರ್ದೇಶನದ ಮೊದಲ ಆಸ್ಕರ್ ಸಿಕ್ಕಿದ್ದೂ ಇದಕ್ಕೇ. ಎರಡನ್ನೂ ಬೇರೆ ಬೇರೆಯಾಗಿ ನೋಡಿದ್ದೆ. ಈಚೆಗೆ ಬೆನ್ನುಬೆನ್ನಿಗೆ ಹಾಕಿಕೊಂಡು ನೋಡಿದೆ. ಮುಂದೆ ಕ್ಲೈಮ್ಯಾಕ್ಸ್ ಸಮೇತ ಎಲ್ಲ ಹೇಳುತ್ತೇನೆ. ನೋಡದವರು ನೋಡಿಯೇ ಬನ್ನಿ.

ಮೊದಲು ಕಣ್ಣಿಗೆ ಬೀಳುವುದು ಉದ್ದ. ಹಾಂಗ್‌ಕಾಂಗ್‌ದು 101 ನಿಮಿಷ, ಬೋಸ್ಟನ್‌ದು 151. ಆ ಹೆಚ್ಚಿನ 50 ನಿಮಿಷ ಎಲ್ಲಿಗೆ ಹೋಯಿತು? ಅರ್ಧ ಜ್ಯಾಕ್ ನಿಕಲ್ಸನ್ ಜೇಬಿಗೆ. ಡಾನ್ ಕಾಸ್ಟೆಲ್ಲೊ ಆಗಿ ಆತ ಮಾಡುವ ಚೇಷ್ಟೆ ಮೊದಲ ಸಲ ಮಜಾ ಕೊಡುತ್ತದೆ. ಎರಡನೇ ಸಲ ನೋಡುವಾಗ, ಸಾಕು ಮಾರಾಯ, ಕಥೆ ನಡೆಯಲಿ ಅನಿಸಿತು. ಉಳಿದರ್ಧ ಮಾತ್ರ ದಂಡವಲ್ಲ. ಗ್ಯಾಂಗಿಗೆ ನುಸುಳಬೇಕಾದ ಪೊಲೀಸ್ ಡಿಕ್ಯಾಪ್ರಿಯೊನನ್ನು ಕೂರಿಸಿಕೊಂಡು ಇಬ್ಬರು ಅಧಿಕಾರಿಗಳು ಅವನ ಮನೆತನವನ್ನೇ ಜಾಲಾಡುವ ದೃಶ್ಯವಿದೆ. ಅವರಲ್ಲೊಬ್ಬನಾದ ಮಾರ್ಕ್ ವಾಲ್‌ಬರ್ಗ್ ಬೈಗುಳಕ್ಕೆ ಬಿಡುವೇ ಇಲ್ಲ. ಈ ಹುಡುಗನೇ ಯಾಕೆ ಈ ಕೆಲಸಕ್ಕೆ ಸಿಕ್ಕಿಬಿದ್ದ ಅನ್ನುವುದು ಅಲ್ಲೇ ತಿಳಿಯುತ್ತದೆ. ಹಾಂಗ್‌ಕಾಂಗ್ ಸಿನಿಮಾ ಈ ಭಾಗವನ್ನು ಓಡಿಸಿಬಿಡುತ್ತದೆ. ಎಳೆ ವಯಸ್ಸಿನ ಪಾತ್ರಗಳಿಗೆ ಬೇರೆ ನಟರು ಬೇರೆ. ಯಾರು ಯಾರಾದರು ಅಂತ ಹೊಂದಿಸಿಕೊಳ್ಳುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ.

ಆದರೆ ಅಲ್ಲಿಂದ ಮುಂದೆ ಹಾಂಗ್‌ಕಾಂಗ್ ಹಿಡಿತ ಸಡಿಲವಾಗುವುದೇ ಇಲ್ಲ. ಮಾದಕವಸ್ತು ಕೈ ಬದಲಾಗುವ ರಾತ್ರಿಯನ್ನೇ ನೋಡಿ. ಗ್ಯಾಂಗಿನೊಳಗಿನ ಪೊಲೀಸ್ ಟೋನಿ ಲ್ಯೂಂಗ್ ಕಿಟಕಿಯ ಮೇಲೆ ಬೆರಳಲ್ಲಿ ಟಕಟಕ ಬಡಿದು ಮೋರ್ಸ್ ಸಂಕೇತ ಕಳಿಸುತ್ತಾನೆ. ಅತ್ತ ಪೊಲೀಸರ ಮಧ್ಯೆ ಕೂತ ಕಳ್ಳ ಆಂಡಿ ಲಾವ್ (ಇವನು ನಟ, ನಿರ್ದೇಶಕ ಆಂಡ್ರ್ಯೂ ಅಲ್ಲ) ಡಾನ್‌ಗೆ ಸುದ್ದಿ ಮುಟ್ಟಿಸುತ್ತಾನೆ. ಇಬ್ಬರೂ ಅಲ್ಲಾಡುವುದಿಲ್ಲ, ನಮಗೆ ಉಸಿರು ಕಟ್ಟುತ್ತದೆ. ಆಮೇಲೆ ಡಾನ್ ಸ್ಯಾಮ್ ಪೊಲೀಸ್ ಠಾಣೆಯಲ್ಲೇ ಕೂತು ಊಟ ಮಾಡುತ್ತಾನೆ. ಆ ಪಾತ್ರದ ಎರಿಕ್ ತ್ಸಾಂಗ್ ಗುಂಡುಗುಂಡಾಗಿ, ನಗುನಗುತ್ತಾ ತಿನ್ನುತ್ತಿರುತ್ತಾನೆ. ಎದುರಿಗೆ ಟೋನಿ ಲ್ಯೂಂಗ್‌ನನ್ನು ಒಳಗೆ ಬಿಟ್ಟ ಸೂಪರಿಂಟೆಂಡೆಂಟ್ ವಾಂಗ್. ನಿನ್ನವನೊಬ್ಬ ನನ್ನ ಹತ್ತಿರ, ನನ್ನವನೊಬ್ಬ ನಿನ್ನ ಹತ್ತಿರ ಎಂದು ಇಬ್ಬರಿಗೂ ಗೊತ್ತಾಗಿದೆ. ಇದ್ದಕ್ಕಿದ್ದಂತೆ ಸ್ಯಾಮ್ ಮೇಜಿನ ಮೇಲಿದ್ದದ್ದನ್ನೆಲ್ಲ ಕೆಳಕ್ಕೆ ತಳ್ಳುತ್ತಾನೆ. ಗುಂಡು ಹಾರಿಸದೆ ಇಷ್ಟು ಭಯ ಹುಟ್ಟಿಸುವ ದೃಶ್ಯ ಬೋಸ್ಟನ್ ಸಿನಿಮಾದಲ್ಲಿ ನನಗೆ ಕಾಣಲಿಲ್ಲ.

ಹಾಂಗ್‌ಕಾಂಗ್‌ನಲ್ಲಿ ತಪ್ಪೇ ಇಲ್ಲ ಅಂತಲ್ಲ. ವಾಂಗ್‌ನನ್ನು ಕಟ್ಟಡದ ಮೇಲಿಂದ ಎಸೆಯುತ್ತಾರೆ. ಟ್ಯಾಕ್ಸಿಯ ಮೇಲೆ ಬಿದ್ದ ಹೆಣವನ್ನು ಟೋನಿ ಲ್ಯೂಂಗ್ ಸುಮ್ನೆ ನಿಂತು ನೋಡುತ್ತಾನೆ. ಆ ಮುಖವೊಂದೇ ಸಾಕಿತ್ತು. ಅದರ ಮೇಲೆ ಅಳುವ ಸಂಗೀತ, ಹಳೆಯ ದೃಶ್ಯಗಳ ಮೆರವಣಿಗೆ ಬೇಕಿತ್ತಾ? ಇಲ್ಲಿ ಸ್ಕಾರ್ಸೆಸಿ ಗೆಲ್ಲುತ್ತಾರೆ. ಅಲ್ಲಿ ಮೇಲಧಿಕಾರಿಯ ಹೆಣ ಡಿಕ್ಯಾಪ್ರಿಯೊ ಮುಂದೆಯೇ ಬೀಳುತ್ತದೆ, ರಕ್ತ ಸಿಡಿಯುತ್ತದೆ, ಅಳುವುದಕ್ಕೆ ಪುರುಸೊತ್ತೇ ಇಲ್ಲ.

ಹೆಂಗಸರ ಪಾತ್ರ ಎರಡರಲ್ಲೂ ತೆಳು. ಬೋಸ್ಟನ್‌ನಲ್ಲಿ ಮನೋವೈದ್ಯೆಯನ್ನೂ ಪ್ರೇಯಸಿಯನ್ನೂ ಒಬ್ಬಳನ್ನೇ ಮಾಡಿ, ಅವಳನ್ನು ಇಬ್ಬರ ಮಧ್ಯೆಯೂ ನಿಲ್ಲಿಸಿದ್ದಾರೆ. ಬಲವಂತದ ಜೋಡಣೆ. ಹಾಂಗ್‌ಕಾಂಗ್‌ನಲ್ಲಿ ಒಂದು ಪುಟ್ಟ ದೃಶ್ಯ ಮಾತ್ರ ಕರುಳು ಹಿಂಡುತ್ತದೆ. ನಾಯಕನ ಹಳೆಯ ಗೆಳತಿ ಮಗಳ ಜೊತೆ ದಾರಿಯಲ್ಲಿ ಸಿಗುತ್ತಾಳೆ. ಮಗುವಿನ ವಯಸ್ಸನ್ನು ಕಡಿಮೆ ಮಾಡಿ ಹೇಳುತ್ತಾಳೆ. ಮಗು ಪಟ್ಟನೆ ತಿದ್ದುತ್ತದೆ. ಲೆಕ್ಕ ನಮಗೇ ಬಿಟ್ಟದ್ದು.

ನಿಜವಾದ ವ್ಯತ್ಯಾಸ ಇರುವುದು ಕಳ್ಳ ಪೊಲೀಸಿನಲ್ಲಿ. ಮ್ಯಾಟ್ ಡೇಮನ್ ಪಾತ್ರಕ್ಕೆ ಬೇಕಾಗಿರುವುದು ಒಳ್ಳೆ ಫ್ಲ್ಯಾಟು, ದೊಡ್ಡ ಹುದ್ದೆ. ಆಂಡಿ ಲಾವ್ ಪಾತ್ರಕ್ಕೆ ಒಳ್ಳೆಯವನಾಗುವ ಆಸೆ ಹುಟ್ಟಿಬಿಟ್ಟಿದೆ. ಇಬ್ಬರೂ ತಮ್ಮ ಡಾನ್‌ನನ್ನು ಕೊಲ್ಲುತ್ತಾರೆ. ಡೇಮನ್ ಜೀವ ಉಳಿಸಿಕೊಳ್ಳಲು ಕೊಂದರೆ, ಲಾವ್ ಹೊಸ ಬದುಕು ಶುರು ಮಾಡಲು ಕೊಲ್ಲುತ್ತಾನೆ. ಹಾಗಾಗಿ ಹಾಂಗ್‌ಕಾಂಗ್‌ನ ಮಹಡಿಯ ಮೇಲಿನ ಭೇಟಿಗೆ ತೂಕ ಜಾಸ್ತಿ. ತಲೆಗೆ ಪಿಸ್ತೂಲು ಇಟ್ಟ ಟೋನಿ ಲ್ಯೂಂಗ್ ಹತ್ತಿರ ಅವನು ಇನ್ನೊಂದು ಅವಕಾಶ ಬೇಡುತ್ತಾನೆ. ಮೂರು ವರ್ಷ ಅಂತ ಹೇಳಿಸಿಕೊಂಡು ಹತ್ತಿರ ಹತ್ತು ವರ್ಷ ರೌಡಿಯಾಗಿ ಸವೆದವನು ಅದನ್ನು ಎಲ್ಲಿಂದ ಕೊಟ್ಟಾನು? ಬೋಸ್ಟನ್‌ನ ಮಹಡಿಯಲ್ಲಿ ಹೊಡೆತ, ಕೈಕೋಳ, ಕೂಗಾಟ ಇದೆ, ಅಷ್ಟೇ.

ಲಿಫ್ಟ್‌ನಲ್ಲಿ ಒಳ್ಳೆಯವನು ಸಾಯುವುದು ಎರಡರಲ್ಲೂ ಒಂದೇ. ಆಮೇಲೆ ಬೋಸ್ಟನ್‌ನಲ್ಲಿ ವಾಲ್‌ಬರ್ಗ್ ಬಂದು ಡೇಮನ್‌ಗೆ ಗುಂಡಿಟ್ಟು ಲೆಕ್ಕ ಚುಕ್ತಾ ಮಾಡುತ್ತಾನೆ. ಥಿಯೇಟರ್ ಚಪ್ಪಾಳೆಗೆ ಸರಿ. ಕೊನೆಗೆ ಒಂದು ಇಲಿಯನ್ನೂ (ಇಂಗ್ಲಿಷಿನಲ್ಲಿ ದ್ರೋಹಿಗೆ 'ಇಲಿ' ಅಂತಾರೆ) ಓಡಿಸುತ್ತಾರೆ, ಅದೊಂದು ಬೇಡವಾಗಿತ್ತು. ಹಾಂಗ್‌ಕಾಂಗ್ ತನ್ನ ಕಳ್ಳನನ್ನು ಜೀವಂತ ಬಿಡುತ್ತದೆ. ತನ್ನಿಂದ ಸತ್ತವನ ಸಮಾಧಿಗೆ ಅವನೇ ಸಲ್ಯೂಟ್ ಹೊಡೆಯುತ್ತಾನೆ. ನನ್ನ ಮತ ಇದಕ್ಕೇ.

ಇದೇ ಜಾತಿಯ ಮೂರನೆಯದು ಬೇಕಿದ್ದರೆ ಕೊರಿಯಾದ 'ನ್ಯೂ ವರ್ಲ್ಡ್' ಇದೆ, 2013ರದು. ನಿಧಾನ, ಆದರೆ ಪೊಲೀಸ್ ಮೇಲಧಿಕಾರಿಯೇ ಡಾನ್‌ಗಿಂತ ಕ್ರೂರಿ ಎನಿಸುವ ಸಿನಿಮಾ ಅದು.

ನೋಡುವ ಕ್ರಮದ ಬಗ್ಗೆ ಒಂದು ಮಾತು. ಬೋಸ್ಟನ್ ಮೊದಲು ನೋಡಿ. ಅದು ತಿರುವುಗಳ ಮೇಲೆ ನಿಂತಿರುವ ಸಿನಿಮಾ, ಕಥೆ ಗೊತ್ತಿದ್ದರೆ ಅರ್ಧ ಮಜಾ ಹೋಯಿತು. ಹಾಂಗ್‌ಕಾಂಗ್‌ದು ಮುಖಗಳ ಮೇಲೆ ನಿಂತಿದೆ, ಕಥೆ ಗೊತ್ತಿದ್ದರೂ ಹಿಡಿಯುತ್ತದೆ. ಇನ್ನೊಂದು, ಅದಕ್ಕೆ ಬೇರೊಂದು ಕ್ಲೈಮ್ಯಾಕ್ಸ್ ಇದೆ. ಚೀನಾದ ಮುಖ್ಯಭೂಮಿಗೆಂದು ಮಾಡಿದ್ದು, ಲಿಫ್ಟ್‌ನಿಂದ ಹೊರಬಂದ ಕಳ್ಳನನ್ನು ಪೊಲೀಸರು ಬಂಧಿಸುತ್ತಾರೆ. ನಿಮ್ಮ ಪ್ರತಿ ಹಾಗೆ ಮುಗಿದರೆ, ಮೂಲದ್ದನ್ನು ಹುಡುಕಿ ಕೊನೆಯ ಹತ್ತು ನಿಮಿಷವನ್ನಾದರೂ ಮತ್ತೆ ನೋಡಿ.