ಅಗ್ಗದ ಬಿಡಿಭಾಗಗಳ ಮೊದಲ ರೈಫಲ್ ಮತ್ತು ನಾನು ಅಳೆಯದೆ ಬಿಟ್ಟ ಕೂದಲೆಳೆಯ ಅಂತರ

ನನ್ನ ಮೇಜಿನ ಮೇಲಿರುವ ಗಾಜಿನ ಶೀಶೆಯಲ್ಲಿ ಗುಂಡು ಹಾರಿದ ಮೇಲೆ ತೋಟಾದಲ್ಲಿ ಉಳಿಯುವ 17 ಖಾಲಿ ಹಿತ್ತಾಳೆ ಕೇಸುಗಳಿವೆ. ಅವುಗಳಲ್ಲಿ ಹೆಚ್ಚಿನವುಗಳ ಬುಡದಿಂದ ಅರ್ಧ ಇಂಚಿಗೂ ಕಡಿಮೆ ಎತ್ತರದಲ್ಲಿ, ಬೆಳಕಿಗೆ ಹಿಡಿದು ತಿರುಗಿಸಿದರೆ ಮಾತ್ರ ಕಾಣುವ, ಹೊಳಪಿನ ತೆಳು ಉಂಗುರವೊಂದಿದೆ. ಹದಿನೇಳನೆಯದರಲ್ಲಿ ಆ ಉಂಗುರದ ಜಾಗದಲ್ಲೇ ಉಗುರು ತಾಗುವಷ್ಟು ಸೀಳು ಬಿದ್ದಿದೆ. ಆ ಗುಂಡನ್ನು ಹಾರಿಸಿದಾಗ ನನ್ನ ಬಲಗೆನ್ನೆಗೆ ಬಿಸಿ ಗಾಳಿ ಬಡಿಯಿತು. ಕನ್ನಡಕ ಹಾಕಿಕೊಂಡಿದ್ದೆನಾದ್ದರಿಂದ ಕಣ್ಣು ಉಳಿಯಿತು. ಬಿಡಿಭಾಗಗಳನ್ನು ಕೊಂಡು ಮನೆಯಲ್ಲೇ ತಮ್ಮ ಮೊದಲ ಗುರಿ ಅಭ್ಯಾಸದ ರೈಫಲನ್ನು ಜೋಡಿಸಲು ಹೊರಟಿರುವ, ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ನಾನು ಮಾಡಿದ ತಪ್ಪುಗಳನ್ನು ಮಾಡದಿರಲಿ ಎಂಬ ಒಂದೇ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇನೆ.

ಕೋವಿ ನನಗೆ ಹೊಸದಲ್ಲ. ತಾಯಿಯ ತವರು ಕೊಡಗಿನಲ್ಲಿ. ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜೆ ಮಾಡುವುದನ್ನು ನೋಡುತ್ತಲೇ ಬೆಳೆದವನು ನಾನು. ಆದರೆ ಕೋವಿಯನ್ನು ಪೂಜಿಸುವುದು ಬೇರೆ, ಅದರ ಒಳಗನ್ನು ಅರಿಯುವುದು ಬೇರೆ ಎಂಬುದು ಟೆಕ್ಸಾಸಿನ ನಮ್ಮ ಗ್ಯಾರೇಜಿನಲ್ಲಿ ಮಾತ್ರ ತಿಳಿಯಿತು.

ನನಗೆ ಬೇಕಾಗಿದ್ದುದು 600 ಯಾರ್ಡ್ ದೂರದ ಕಾಗದದ ಗುರಿಗೆ ನಿಖರವಾಗಿ ಹೊಡೆಯಬಲ್ಲ, 6.5 ಕ್ರೀಡ್‌ಮೂರ್ ತೋಟಾ ಬಳಸುವ ಬೋಲ್ಟ್ ರೈಫಲ್, ಅಂದರೆ ಬೋಲ್ಟ್ ಎಂಬ ಉಕ್ಕಿನ ದಂಡವನ್ನು ಕೈಯಿಂದ ಹಿಂದೆ ಮುಂದೆ ಸರಿಸಿ ತೋಟಾ ತುಂಬುವ ಬಗೆಯದು. 2007ರಲ್ಲಿ ಗುರಿ ಸ್ಪರ್ಧೆಗಳಿಗೆಂದೇ ಬಂದ ಈ ತೋಟಾ ಇಂದು ಹೆಚ್ಚಿನ ಬಂದೂಕು ಅಂಗಡಿಗಳಲ್ಲಿ ಸಿಗುತ್ತದೆ, ಹೆಗಲಿಗೆ ಹೆಚ್ಚು ಒದೆಯುವುದಿಲ್ಲ, ಉದ್ದನೆಯ 140 ಗ್ರೇನ್ ತೂಕದ ಗುಂಡುಗಳಿಗೆ, ಒಳಗಿನ ಸುರುಳಿ ಗೆರೆಗಳು 8 ಇಂಚಿಗೊಂದು ಸುತ್ತು ಬರುವ ಬ್ಯಾರಲ್ ಸಲೀಸಾಗಿ ಹೊಂದುತ್ತದೆ. ಈ ಆಯ್ಕೆಯಲ್ಲಿ ತಪ್ಪಿರಲಿಲ್ಲ. ಮುಂದಿನ ಎಲ್ಲದರಲ್ಲೂ ಇತ್ತು.

ಬ್ಯಾರಲ್ ನಟ್ ಪದ್ಧತಿಯ ಆಕ್ಷನ್ನುಗಳ (ಬೋಲ್ಟನ್ನು ಒಳಗೊಂಡ, ಬ್ಯಾರಲ್ ಕೂರುವ ನಡುಭಾಗ) ಬಗ್ಗೆ ಓದಿದ್ದೆ. 1958ರ ಸ್ಯಾವೇಜ್ ಮಾಡೆಲ್ 110ರಿಂದ ಹೆಸರಾದ ಈ ಪದ್ಧತಿಯಲ್ಲಿ ಬ್ಯಾರಲನ್ನು ಆಕ್ಷನ್ನಿಗೆ ತಿರುಗಿಸಿ, ಬೇಕಾದ ಸ್ಥಾನದಲ್ಲಿ ನಟ್ಟಿನಿಂದ ಬಿಗಿಗೊಳಿಸುತ್ತಾರೆ; ಲೇತ್ ಬೇಕಿಲ್ಲ. ಬೋಲ್ಟಿನ ತಲೆಯೂ ಪ್ರತ್ಯೇಕ ಭಾಗವಾಗಿರುವುದರಿಂದ ಅದನ್ನೂ ಬದಲಾಯಿಸಬಹುದು. ಮನೆಯಲ್ಲಿ ಜೋಡಿಸುವವರು ಇದನ್ನು ಮೆಚ್ಚುವುದು ಈ ಕಾರಣಕ್ಕೆ, ನಾನು ಕೆಟ್ಟದ್ದೂ ಇದೇ ಕಾರಣಕ್ಕೆ. ಎಲ್ಲವನ್ನೂ ಬದಲಾಯಿಸಬಹುದು ಎಂದ ಮೇಲೆ ಪ್ರತಿಯೊಂದು ಬದಲಾವಣೆಯ ಹೊಣೆಯೂ ನನ್ನ ಮೇಲೆಯೇ ಬಿತ್ತು.

ಮೊದಲು ಕೊಂಡದ್ದು ಬಳಸಿದ ಆಕ್ಷನ್. ಅಮೆರಿಕದ ಕಾನೂನಿನ ಕಣ್ಣಿನಲ್ಲಿ ಬಂದೂಕು ಎಂದರೆ ಈ ಭಾಗವೇ, ಆದುದರಿಂದ ಬೇರೆ ರಾಜ್ಯದ ಮಾರಾಟಗಾರ ಅದನ್ನು ಪರವಾನಗಿ ಹೊಂದಿದ ಡೀಲರಿಗೆ ಕಳುಹಿಸಿದ, ಅಲ್ಲಿ 4473 ನಮೂನೆ ತುಂಬಿ ಹಿನ್ನೆಲೆ ತಪಾಸಣೆ ಮುಗಿದ ನಂತರ ನನ್ನ ಕೈಗೆ ಬಂತು. ಅಷ್ಟೆಲ್ಲ ಕಾಗದಪತ್ರ ಸರಿಯಾಗಿ ಮಾಡಿದ ನಾನು ಕೇಳಬೇಕಿದ್ದ ಒಂದೇ ಪ್ರಶ್ನೆಯನ್ನು ಕೇಳಿರಲಿಲ್ಲ. ಜಾಹೀರಾತಿನಲ್ಲಿ ‘ಶಾರ್ಟ್ ಆಕ್ಷನ್’ ಎಂದಷ್ಟೇ ಇತ್ತು; ಕ್ರೀಡ್‌ಮೂರ್ ಶಾರ್ಟ್ ಆಕ್ಷನ್ನಿನ ತೋಟಾ ಆದ್ದರಿಂದ ಸಾಕು ಎಂದುಕೊಂಡೆ. ಮನೆಗೆ ತಂದು ನೋಡಿದರೆ ಅದು .223 ರೆಮಿಂಗ್ಟನ್‌ಗಾಗಿ ಮಾಡಿದ್ದು. ಆ ತೋಟಾದ ಬುಡವನ್ನು ಹಿಡಿಯುವ ಬೋಲ್ಟಿನ ಮುಖ 0.378 ಇಂಚು ಅಗಲ, ಕ್ರೀಡ್‌ಮೂರ್‌ಗೆ ಬೇಕಾದದ್ದು .308 ವಿಂಚೆಸ್ಟರ್‌ಗೆ ಇರುವಂಥ 0.473 ಇಂಚಿನ ಮುಖ. ಆಕ್ಷನ್ನಿನ ಉದ್ದವನ್ನು ಮಾತ್ರ ನೋಡಿ ಬೋಲ್ಟಿನ ಮುಖವನ್ನು ನೋಡದಿರುವುದು, ಬೀಗದ ಗಾತ್ರ ನೋಡಿ ಕೀಲಿಕೈ ಕೊಂಡ ಹಾಗೆ.

ಮ್ಯಾಗಜೀನ್ ಕೂಡ ಸಣ್ಣ ತೋಟಾದ್ದೇ ಆಗಿತ್ತು, ಅದನ್ನೂ ಬದಲಾಯಿಸಬೇಕಾಯಿತು. ನೋಡಲು ಚೆಂದವಿದೆಯೆಂದು ಮೊದಲೇ ತರಿಸಿಟ್ಟಿದ್ದ ಸ್ಟಾಕ್ (ಹೆಗಲಿಗೊರಗುವ ಹಿಡಿಭಾಗ) ಅದೇ ತಯಾರಿಕೆಯ ಬೇರೆ ಕಾಲದ ಆಕ್ಷನ್ನಿಗೆ ಕೊರೆದದ್ದು. ತಿರುಪುಗಳ ನಡುವಿನ ಅಂತರದಲ್ಲಿ ಸುಮಾರು ಒಂದು ಇಂಚಿನ ಎಂಟನೇ ಒಂದು ಭಾಗದಷ್ಟು ವ್ಯತ್ಯಾಸವಿದ್ದು, ಒಂದು ತಿರುಪು ಕೂತರೆ ಇನ್ನೊಂದು ಕೂರುತ್ತಿರಲಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ಗಿಡ್ಡ ಹಿಡಿಬಳೆಗಳಲ್ಲಿ (ರಿಂಗು), ಮುಂದಿನ ಮಸೂರ 50 ಮಿಲಿಮೀಟರ್ ಅಗಲವಿದ್ದ ಸ್ಕೋಪನ್ನು (ಗುರಿ ನೋಡುವ ದುರ್ಬೀನು) ಕೂರಿಸಿದಾಗ ಅದರ ಮುಂಭಾಗ ದಪ್ಪ ಬ್ಯಾರಲ್ಲಿಗೆ ಒರಗಿತು. ಸ್ಕೋಪ್ ಬೇಸಿನ ತಿರುಪುಗಳನ್ನು ಬಿಗಿಯುವಾಗ ಕಾರಿನ ಚಕ್ರಕ್ಕೆ ಬಳಸುವ ಟಾರ್ಕ್ ವ್ರೆಂಚನ್ನು ತೆಗೆದುಕೊಂಡೆ; ಸೂಚನೆಯಲ್ಲಿದ್ದುದು ಇಂಚ್-ಪೌಂಡ್, ವ್ರೆಂಚಿನಲ್ಲಿದ್ದುದು ಫುಟ್-ಪೌಂಡ್, ಎರಡಕ್ಕೂ ಇರುವ ವ್ಯತ್ಯಾಸ 12 ಪಟ್ಟು. ಆ ಪುಟ್ಟ ತಿರುಪಿನ ತಲೆ ಸದ್ದಿಲ್ಲದೆ ಕೈಗೆ ಬಂತು. ಇವೆಲ್ಲ ಹಣ ಕಳೆಯುವ ತಪ್ಪುಗಳು. ಹಿಂದಿರುಗಿಸುವ ಅಂಚೆ ವೆಚ್ಚ ಸೇರಿ, ಅಗ್ಗವಾಗುತ್ತದೆಂದು ಹೊರಟ ರೈಫಲ್ ಅದೇ ತೋಟಾದ ಸಿದ್ಧ ರೈಫಲಿಗಿಂತ ದುಬಾರಿಯಾಯಿತು. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಹಾಗೆ.

ಜೀವಕ್ಕೆ ಕುತ್ತು ತರಬಹುದಾಗಿದ್ದ ತಪ್ಪು ಹೆಡ್‌ಸ್ಪೇಸಿನದು. ಹೆಡ್‌ಸ್ಪೇಸ್ ಎಂದರೆ, ಈ ಬಗೆಯ ತೋಟಾಗಳಲ್ಲಿ, ಮುಚ್ಚಿದ ಬೋಲ್ಟಿನ ಮುಖದಿಂದ ಚೇಂಬರಿನೊಳಗೆ (ಬ್ಯಾರಲ್ಲಿನಲ್ಲಿ ತೋಟಾ ಕೂರುವ ಕುಳಿ) ತೋಟಾದ ಹೆಗಲು (ಕೇಸ್ ಕಿರಿದಾಗುವ ಇಳಿಜಾರು) ಒರಗುವ ಜಾಗದವರೆಗಿನ ಅಂತರ. ಅದು ಕಡಿಮೆಯಾದರೆ ಬೋಲ್ಟ್ ಮುಚ್ಚುವುದಿಲ್ಲ. ಹೆಚ್ಚಾದರೆ ಬೋಲ್ಟ್ ಸುಲಭವಾಗಿಯೇ ಮುಚ್ಚುತ್ತದೆ, ಎಲ್ಲವೂ ಸರಿಯಿರುವಂತೆಯೇ ಕಾಣುತ್ತದೆ. ಇದನ್ನು ಅಳೆಯಲು ‘ಗೋ’ ಮತ್ತು ‘ನೋ-ಗೋ’ ಎಂಬ ಎರಡು ಉಕ್ಕಿನ ಗೇಜುಗಳಿವೆ. ಮೊದಲನೆಯದರ ಮೇಲೆ ಬೋಲ್ಟ್ ಮುಚ್ಚಬೇಕು, ಎರಡನೆಯದರ ಮೇಲೆ ಮುಚ್ಚಬಾರದು. ಎರಡರ ನಡುವಿನ ವ್ಯತ್ಯಾಸ ಒಂದು ಇಂಚಿನ ಸಾವಿರದಲ್ಲಿ ಸುಮಾರು 4 ಭಾಗ. ನನ್ನ ಬ್ಯಾರಲ್ಲಿನ ಮರೆ, ಅಂದರೆ ತಿರುಪಿನಂಥ ಸುರುಳಿ ಗೆರೆ, ಇಂಚಿಗೆ 20 ಸುತ್ತಿನದು. ಅಂದರೆ ಬ್ಯಾರಲ್ ಒಂದು ಪೂರ್ತಿ ಸುತ್ತು ತಿರುಗಿದರೆ ಸಾವಿರದ 50 ಭಾಗ ಸರಿಯುತ್ತದೆ. ಹಾಗಾದರೆ 4 ಭಾಗವೆಂದರೆ ಗಡಿಯಾರದ ನಿಮಿಷದ ಮುಳ್ಳು 5 ನಿಮಿಷ ಸರಿದಷ್ಟೇ ತಿರುವು. ಕಣ್ಣಂದಾಜಿಗೆ ನಿಲುಕದ ಲೆಕ್ಕ ಇದು.

ನಾನು ಗೋ ಗೇಜನ್ನು ಪರಿಚಿತರೊಬ್ಬರಿಂದ ಕಡ ತಂದಿದ್ದೆ. ನೋ-ಗೋ ಗೇಜಿಗೆ 40 ಡಾಲರಿನಷ್ಟು ಕೊಡುವುದೇಕೆ ಎಂದು ಬಿಟ್ಟೆ. ಗೋ ಗೇಜಿನ ಮೇಲೆ ಬೋಲ್ಟ್ ಮುಚ್ಚಿತು, ನಟ್ ಬಿಗಿದೆ, ಸಂತೋಷಪಟ್ಟೆ. ಗೋ ಗೇಜ್ ಹೇಳುವುದು ಅಂತರ ತೀರಾ ಕಡಿಮೆಯಿಲ್ಲ ಎಂಬುದನ್ನು ಮಾತ್ರ. ಎಷ್ಟು ಹೆಚ್ಚಿದೆ ಎಂಬುದರ ಬಗ್ಗೆ ಅದು ಮೂಕ. ಇಷ್ಟಕ್ಕೇ ನಿಂತಿದ್ದರೂ ಬಹುಶಃ ಬಚಾವಾಗುತ್ತಿದ್ದೆ. ಆದರೆ ಬಳಸಿದ್ದೆಂದು ಕಡಿಮೆ ಬೆಲೆಗೆ ಕೊಂಡಿದ್ದ ಬೋಲ್ಟ್ ತಲೆಯ ಎಕ್ಸ್‌ಟ್ರ್ಯಾಕ್ಟರ್ ಸವೆದಿತ್ತು, ಖಾಲಿ ಕೇಸನ್ನು ಹೊರಗೆಳೆಯುತ್ತಿರಲಿಲ್ಲ. ಇನ್ನೊಂದು ಬೋಲ್ಟ್ ತಲೆ ತರಿಸಿ ಹಾಕಿದೆ. ಅಷ್ಟರಲ್ಲಿ ಗೋ ಗೇಜನ್ನೂ ಹಿಂದಿರುಗಿಸಿ ಆಗಿತ್ತು. ಅಳತೆ ಅದೇ 0.473 ತಾನೆ, ಮತ್ತೇನು ನೋಡುವುದು ಎಂದುಕೊಂಡೆ. ಮುಖದ ಅಗಲ ಒಂದೇ ಇದ್ದರೂ ತಲೆಯ ದಪ್ಪ ಒಂದರಿಂದೊಂದಕ್ಕೆ ಸಾವಿರದ ಕೆಲವು ಭಾಗಗಳಷ್ಟು ಬೇರೆಯಿರುತ್ತದೆ, ಆದ್ದರಿಂದ ಬೋಲ್ಟ್ ತಲೆ ಬದಲಾಯಿಸಿದ ಪ್ರತಿ ಸಲವೂ ಹೆಡ್‌ಸ್ಪೇಸನ್ನು ಹೊಸದಾಗಿ ಅಳೆಯಲೇಬೇಕು ಎಂಬುದನ್ನು ನಾನು ಓದಿಯೇ ಇದ್ದೆ. ಓದಿದ್ದು ಕೈಗೆ ಇಳಿದಿರಲಿಲ್ಲ.

ಅಂತರ ಹೆಚ್ಚಿದ್ದಾಗ ನಡೆಯುವುದು ಇಷ್ಟು: ಫೈರಿಂಗ್ ಪಿನ್ ಬಡಿದಾಗ ತೋಟಾ ಮುಂದಕ್ಕೆ ಜರುಗಿ ಹೆಗಲಿಗೆ ಒರಗುತ್ತದೆ, ಅದರ ಬುಡಕ್ಕೂ ಬೋಲ್ಟಿಗೂ ನಡುವೆ ಸಂದು ಉಳಿಯುತ್ತದೆ. ಒತ್ತಡ ಏರುತ್ತಿದ್ದಂತೆ ಕೇಸಿನ ತೆಳು ಗೋಡೆಗಳು ಚೇಂಬರಿಗೆ ಅಂಟಿಕೊಂಡು ನಿಲ್ಲುತ್ತವೆ, ದಪ್ಪನೆಯ ಬುಡ ಮಾತ್ರ ಹಿಂದಕ್ಕೆ ತಳ್ಳಲ್ಪಟ್ಟು ಬೋಲ್ಟಿಗೆ ಬಡಿಯುತ್ತದೆ. ಎರಡರ ನಡುವಿನ ಹಿತ್ತಾಳೆ ಎಳೆದ ಹಿಟ್ಟಿನಂತೆ ತೆಳುವಾಗುತ್ತದೆ. ಹೊಳೆಯುವ ಉಂಗುರ ಬೀಳುವುದು ಅಲ್ಲಿಯೇ. ಇನ್ನೂ ಎಳೆದರೆ ಕೇಸ್ ಹರಿದು ಅನಿಲ ಹಿಂದಕ್ಕೆ ನುಗ್ಗುತ್ತದೆ. ಕ್ರೀಡ್‌ಮೂರ್ ತೋಟಾಕ್ಕೆ ನಿಗದಿಯಾದ ಗರಿಷ್ಠ ಒತ್ತಡ ಚದರ ಇಂಚಿಗೆ 62,000 ಪೌಂಡ್, ಅಂದರೆ 62,000 ಪಿಎಸ್‌ಐ. ನಮ್ಮ ಕಾರಿನ ಟೈರಿಗೆ ತುಂಬುವ ಗಾಳಿ 32ರಿಂದ 35 ಪಿಎಸ್‌ಐ.

ಮೊದಲ ಹತ್ತು ಗುಂಡುಗಳು 100 ಯಾರ್ಡಿನಲ್ಲಿ ಒಂದರ ಪಕ್ಕ ಒಂದು ಬಿದ್ದಿದ್ದವು, ಅದೇ ನನ್ನನ್ನು ಮೋಸಗೊಳಿಸಿತು. ನಿಖರತೆ ಸುರಕ್ಷತೆಯ ಸಾಕ್ಷಿ ಎಂದು ನಂಬಿ, ಕೆಳಗೆ ಬಿದ್ದ ಕೇಸುಗಳನ್ನು ಎತ್ತಿ ನೋಡಲೂ ಇಲ್ಲ. ಹದಿನೇಳನೆಯದರ ನಂತರ ರೇಂಜಿನ ಮೇಲ್ವಿಚಾರಕರು ಬಂದು, ಬೋಲ್ಟನ್ನು ಹೊರತೆಗೆಸಿ, ಕೇಸುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ತೋರಿಸಿದರು. ಮರುವಾರ ಬಂದೂಕು ದುರಸ್ತಿ ಮಾಡುವ ಗನ್‌ಸ್ಮಿತ್ ಒಬ್ಬರು ನನ್ನೆದುರೇ ಪರೀಕ್ಷಿಸಿದರು. ನೋ-ಗೋ ಗೇಜಿನ ಮೇಲೆ ಬೋಲ್ಟ್ ಮುಚ್ಚಿತು. ಅದಕ್ಕಿಂತಲೂ ಉದ್ದವಾದ, ಬಳಕೆಯಿಂದ ತೆಗೆಯಲೇಬೇಕಾದ ಬಂದೂಕನ್ನು ಗುರುತಿಸುವ ‘ಫೀಲ್ಡ್’ ಗೇಜಿನ ಮೇಲೂ ಮುಚ್ಚಿತು. ಅವರು ಏನೂ ಹೇಳಲಿಲ್ಲ. ಗೇಜನ್ನು ನನ್ನ ಕೈಗಿಟ್ಟು, ನೀವೇ ಇನ್ನೊಮ್ಮೆ ಮುಚ್ಚಿ ನೋಡಿ ಎಂದರು.

ಆದುದರಿಂದ ಹೇಳುತ್ತೇನೆ: ಮೊದಲು ತೋಟಾ ನಿರ್ಧರಿಸಿ, ಅದರಿಂದ ಬೋಲ್ಟಿನ ಮುಖ, ಅದರಿಂದ ಆಕ್ಷನ್, ಬ್ಯಾರಲ್, ಮ್ಯಾಗಜೀನ್ ಎಂದು ಒಂದೇ ಎಳೆಯಲ್ಲಿ ಸಾಗಿ, ಸ್ಟಾಕಿನ ಚೆಲುವು ಕೊನೆಗೆ. ಎರಡು ಗೇಜುಗಳ ಹಣವನ್ನು ಬ್ಯಾರಲ್ಲಿನ ಬೆಲೆಯಲ್ಲೇ ಸೇರಿಸಿಕೊಳ್ಳಿ. ಮೊದಲ ರೈಫಲನ್ನು, ಎಷ್ಟೇ ಆತ್ಮವಿಶ್ವಾಸವಿದ್ದರೂ, ಗುಂಡು ಹಾರಿಸುವ ಮುನ್ನ ಗನ್‌ಸ್ಮಿತ್ ಒಬ್ಬರಿಂದ ಅಳೆಸಿ.

ಕಾನೂನಿನ ಮಾತನ್ನೂ ಸೇರಿಸಬೇಕು, ಏಕೆಂದರೆ ನಮ್ಮವರು ಇಲ್ಲಿ ಎಡವುವುದನ್ನು ಕಂಡಿದ್ದೇನೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದಕ್ಕೆ ಅಮೆರಿಕದ ಕೇಂದ್ರ ಕಾನೂನಿನಲ್ಲಿ ನಿಷೇಧವಿದೆ. ಊರ್ಜಿತವಾದ ಬೇಟೆ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ನಾನು ಗ್ರೀನ್ ಕಾರ್ಡ್ ಬರುವವರೆಗೆ ಕಾದಿದ್ದೆ. ಸ್ವಂತ ಬಳಕೆಗೆ ಜೋಡಿಸಲು ಟೆಕ್ಸಾಸಿನಲ್ಲಿ ಇರುವ ಅವಕಾಶ ಕ್ಯಾಲಿಫೋರ್ನಿಯಾದಲ್ಲಿಯೂ ನ್ಯೂಜೆರ್ಸಿಯಲ್ಲಿಯೂ ಹಾಗೆಯೇ ಇರುತ್ತದೆಂದು ಭಾವಿಸಬೇಡಿ. ಉಳಿದ ಬ್ಯಾರಲನ್ನೋ ಬೋಲ್ಟನ್ನೋ ಊರಿಗೆ ಹೋಗುವಾಗ ಸೂಟ್‌ಕೇಸಿನಲ್ಲಿ ಒಯ್ಯುವ ಯೋಚನೆಯಂತೂ ಬೇಡವೇ ಬೇಡ: ಇಲ್ಲಿಂದ ಹೊರಗೆ ಸಾಗಿಸಲು ರಫ್ತು ಅನುಮತಿ ಬೇಕು, ಅಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಿಡಿಭಾಗವೂ ಶಸ್ತ್ರವೇ. ಪರವಾನಗಿಯಿಲ್ಲದೆ ಮನೆಯಲ್ಲಿ ಬಂದೂಕು ತಯಾರಿಸುವುದು ಭಾರತದಲ್ಲಿ ಅಪರಾಧ. ಪರವಾನಗಿಯಿಲ್ಲದೆ ಕೋವಿ ಹೊಂದಲು ಕೊಡಗಿನ ಕೆಲವರಿಗಿರುವ ವಿನಾಯಿತಿಯನ್ನು ನೆಚ್ಚಿಕೊಂಡು ಯಾರೂ ಅದಕ್ಕೆ ಕೈಹಾಕಬಾರದು.

ನನ್ನ ರೈಫಲಿನ ಬ್ಯಾರಲನ್ನು ಗನ್‌ಸ್ಮಿತ್ ಸಡಿಲಿಸಿ, ಹೊಸ ಬೋಲ್ಟ್ ತಲೆಗೆ ಸರಿಹೊಂದುವಂತೆ ಮತ್ತೆ ಕೂರಿಸಿಕೊಟ್ಟರು. ಅವರಿಗೆ ಹಿಡಿದದ್ದು ಅರ್ಧ ಗಂಟೆಗಿಂತ ಕಡಿಮೆ. ಹೋದ ವಾರ ಡಲ್ಲಾಸಿನ ಗೆಳೆಯರೊಬ್ಬರು ತಾವು ಕೊಳ್ಳಲಿರುವ ಬಳಸಿದ ಆಕ್ಷನ್ನಿನ ಚಿತ್ರ ಕಳುಹಿಸಿ, ಬೆಲೆ ಹೇಗಿದೆ ಎಂದು ಕೇಳಿದರು. ಚಿತ್ರದಲ್ಲಿ ಬೋಲ್ಟ್ ಮುಚ್ಚಿತ್ತು. ಅದನ್ನು ಹೊರತೆಗೆದು ಮುಖದ ಅಳತೆಯೊಂದಿಗೆ ಇನ್ನೊಂದು ಚಿತ್ರ ತರಿಸಿಕೊಳ್ಳಿ ಎಂದು ಬರೆದಿದ್ದೇನೆ. ಮಾರಾಟಗಾರನಿಂದ ಇನ್ನೂ ಉತ್ತರ ಬಂದಿಲ್ಲವಂತೆ.