ಫ್ಯೂಸ್ ಇತ್ತು, ಆದರೂ ವೈರ್ ಸುಟ್ಟಿತು: ಬೈಕಿಗೆ ಎಕ್ಸ್‌ಟ್ರಾ ಲೈಟ್ ಹಾಕಿಸಿರುವವರು ದಯವಿಟ್ಟು ಓದಿ

ಬೈಕಿಗೆ ಎಕ್ಸ್‌ಟ್ರಾ ಲೈಟ್ ಹಾಕಿಸಿದ್ದರೆ ಇವತ್ತೇ ಸೀಟು ಬಿಚ್ಚಿ ಒಂದು ವಿಷಯ ನೋಡಿಕೊಳ್ಳಿ. ಬ್ಯಾಟರಿಯ ಪ್ಲಸ್‌ನಿಂದ ಹೊರಟ ವೈರಿಗೆ ಫ್ಯೂಸ್ ಎಲ್ಲಿ ಕೂತಿದೆ? ಫ್ಯೂಸ್ ಇದ್ದರಷ್ಟೇ ಸಾಲದು, ಅದು ಎಲ್ಲಿದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ನನ್ನ ಬೈಕಿನಲ್ಲಿ ಫ್ಯೂಸ್ ಇತ್ತು. ಪೆಟ್ರೋಲ್ ಟ್ಯಾಂಕಿನ ಕೆಳಗೆ ವೈರ್ ಕರಗಿ ಹೊಗೆ ಎದ್ದ ರಾತ್ರಿಯೂ ಆ ಫ್ಯೂಸ್ ಏನೂ ಆಗದೆ ಹಾಗೇ ಇತ್ತು.

ರಾತ್ರಿ ಓಡಾಟ ಜಾಸ್ತಿ ಅಂತ ಎರಡು ಎಲ್‌ಇಡಿ ಲೈಟ್ ಹಾಕಿಸಿದ್ದೆ. ಕೆಲಸ ಮಾಡಿದವರು ಅನುಭವಿಗಳೇ. ರಿಲೇ (ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಹಾಕಿದರು, ಅದಕ್ಕೆ ಹ್ಯಾಂಡಲ್ ಮೇಲೆ ಸ್ವಿಚ್ ಕೊಟ್ಟರು. "ಫ್ಯೂಸೂ ಹಾಕಿದ್ದೀನಿ ಸರ್, ಹೆಡ್‌ಲೈಟ್ ಹಿಂದೆ ಇದೆ. ಹೋದ್ರೆ ಬದಲಾಯಿಸೋಕೆ ಸುಲಭ" ಅಂತ ತೋರಿಸಿಯೂ ಕೊಟ್ಟರು. ನೀಲಿ ಬಣ್ಣದ 15 ಆಂಪಿಯರ್ ಫ್ಯೂಸ್. ನೋಡಿ ನೆಮ್ಮದಿಯಾಯಿತು. ಅದು ಅಲ್ಲಿ ಯಾಕಿದೆ ಅಂತ ಕೇಳಬೇಕು ಅನ್ನಿಸಲೇ ಇಲ್ಲ.

ಮೂರ್ನಾಲ್ಕು ತಿಂಗಳು ಚೆನ್ನಾಗಿತ್ತು. ಆಮೇಲೆ ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದಾಗ ಲೈಟ್ ಒಮ್ಮೆ ಮಿಣುಕುವುದು ಶುರುವಾಯಿತು. ಲೂಸ್ ಕಾಂಟ್ಯಾಕ್ಟ್ ಇರಬೇಕು, ಸರ್ವೀಸಿಗೆ ಬಿಟ್ಟಾಗ ಹೇಳಿದರಾಯಿತು ಅಂದುಕೊಂಡೆ. ಹೊಸ ಲೈಟ್ ಒಂದೇ ಅಲ್ಲ, ಹೆಡ್‌ಲೈಟೂ ಮೀಟರಿನ ಬೆಳಕೂ ಅದೇ ಕ್ಷಣಕ್ಕೆ ಮಂಕಾಗುತ್ತಿದ್ದವು. ಇದನ್ನು ಗಮನಿಸಿದ್ದೆ, ಆದರೆ ಅರ್ಥ ಹೊಳೆಯಲಿಲ್ಲ. ಲೈಟಿನ ವೈರ್ ಲೂಸ್ ಆಗಿದ್ದರೆ ಆ ಲೈಟ್ ಮಾತ್ರ ಮಿಣುಕುತ್ತದೆ. ಎಲ್ಲವೂ ಒಟ್ಟಿಗೆ ಕುಗ್ಗಿದರೆ ಬ್ಯಾಟರಿ ಟರ್ಮಿನಲ್ ಸಡಿಲ ಇರಬೇಕು, ಇಲ್ಲವೇ ಎಲ್ಲೋ ಪ್ಲಸ್ ವೈರ್ ಫ್ರೇಮಿಗೆ ತಗುಲಿ ಶಾರ್ಟ್ ಆಗುತ್ತಿರಬೇಕು. ನಿಮ್ಮ ಬೈಕಿನಲ್ಲಿ ಹೀಗೆ ಕಂಡರೆ ಸರ್ವೀಸ್ ದಿನದವರೆಗೆ ಕಾಯಬೇಡಿ.

ಆ ರಾತ್ರಿ ತಮ್ಮ ಹಿಂದೆ ಕೂತಿದ್ದ. ದಾರಿ ತಪ್ಪಿ ಮುಂದೆ ಬಂದಿದ್ದೆವು, ಬೈಕ್ ತಿರುಗಿಸಲು ಹ್ಯಾಂಡಲ್ ಎಡಕ್ಕೆ ಎಳೆದೆ. ಲೈಟುಗಳೆಲ್ಲ ಕುಗ್ಗಿದವು, ಈ ಸಲ ಮತ್ತೆ ಏರಲಿಲ್ಲ. "ಅಣ್ಣಾ, ಏನೋ ಸುಟ್ಟ ವಾಸನೆ" ಅಂದ ತಮ್ಮ. ಅಷ್ಟರಲ್ಲಿ ಟ್ಯಾಂಕಿನ ಮುಂದಿನ ಸಂದಿಯಿಂದ ಹೊಗೆ ಬರುತ್ತಿತ್ತು. ತಕ್ಷಣ ಕೀ ಆಫ್ ಮಾಡಿದೆ. ಎಂಜಿನ್ ನಿಂತಿತು, ಹೊಗೆ ನಿಲ್ಲಲಿಲ್ಲ. ಕೀ ನನ್ನ ಕೈಯಲ್ಲೇ ಇದೆ, ಬೈಕಿನೊಳಗೆ ಇನ್ನೂ ಏನೋ ಉರಿಯುತ್ತಿದೆ. ಆ ಗಳಿಗೆಯ ಭಯ ಇವತ್ತಿಗೂ ಮರೆತಿಲ್ಲ.

ತಮ್ಮನನ್ನು ದೂರ ಕಳಿಸಿ ಸೀಟು ತೆಗೆದು, ಟೂಲ್ ಕಿಟ್‌ನಲ್ಲಿ ತಡಕಾಡಿ, 10ರ ಸ್ಪ್ಯಾನರ್ ಹಿಡಿದು ಮೈನಸ್ ಟರ್ಮಿನಲ್ ಬಿಚ್ಚಿದೆ. ಹೊಗೆ ಆಗ ಕಡಿಮೆಯಾಯಿತು. ಬೆಂಕಿಯಾಗಿ ಹತ್ತಿಕೊಂಡಿದ್ದರೆ ನಾನು ಬೈಕಿನ ಹತ್ತಿರವೇ ಹೋಗಬಾರದಿತ್ತು. ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲಿ ಜ್ವಾಲೆ ಕಂಡರೆ ಬೈಕ್ ಬಿಟ್ಟು ದೂರ ಸರಿಯುವುದೊಂದೇ ದಾರಿ. ಪ್ರಾಣಕ್ಕಿಂತ ಬೈಕ್ ದೊಡ್ಡದಲ್ಲ.

ಮರುದಿನ ಟ್ಯಾಂಕ್ ಇಳಿಸಿ ನೋಡಿದೆ. ಪ್ಲಸ್ ವೈರನ್ನು ಸ್ಟೀರಿಂಗ್ ಕತ್ತಿನ ಹತ್ತಿರ ಫ್ರೇಮಿನ ಅಂಚಿಗೆ ಟೈ ಹಾಕಿ ಬಿಗಿದಿದ್ದರು. ಹ್ಯಾಂಡಲ್ ತಿರುಗಿದಾಗಲೆಲ್ಲ ವೈರ್ ಆ ಅಂಚಿಗೆ ಉಜ್ಜಿ ಉಜ್ಜಿ, ಎರಡು ಬೆರಳಗಲ ಇನ್ಸುಲೇಷನ್ ಹೋಗಿ ತಾಮ್ರ ಹೊಳೆಯುತ್ತಿತ್ತು. ಅದರ ಎದುರಿಗೇ ಫ್ರೇಮಿನ ಬಣ್ಣ ಸುಟ್ಟು ಸಾಸಿವೆ ಗಾತ್ರದ ಕಪ್ಪು ಗುಳಿಗಳು. ಅಲ್ಲಿಂದ ಬ್ಯಾಟರಿವರೆಗೆ ವೈರಿನ ಮೇಲಿನ ಪ್ಲಾಸ್ಟಿಕ್ ಕರಗಿ, ಪಕ್ಕದಲ್ಲಿದ್ದ ಕಂಪನಿ ವೈರಿಂಗಿಗೂ ಅಂಟಿಕೊಂಡಿತ್ತು. ಆ ಗುಳಿಯಿಂದ ಒಂದು ಗೇಣು ಮುಂದೆ, ಹೆಡ್‌ಲೈಟಿನ ಹಿಂದೆ, ಅದೇ ನೀಲಿ ಫ್ಯೂಸ್. ಅದರೊಳಗಿನ ತಂತಿ ತುಂಡಾಗಿರಲಿಲ್ಲ.

ಯಾಕೆ ಹೋಗಲಿಲ್ಲ ಅಂದರೆ ಕರೆಂಟ್ ಅದರವರೆಗೆ ಬರಲೇ ಇಲ್ಲ. ಬ್ಯಾಟರಿಯಿಂದ ಹೊರಟಿದ್ದು ಮಧ್ಯದಲ್ಲೇ ಫ್ರೇಮಿಗೆ ಇಳಿದು ಬ್ಯಾಟರಿಗೆ ವಾಪಸ್ ಹೋಯಿತು. ಬೈಕಿನ ಚಿಕ್ಕ ಬ್ಯಾಟರಿ ಕೂಡ ಶಾರ್ಟ್ ಆದಾಗ ನೂರು ಆಂಪಿಯರಿಗಿಂತ ಹೆಚ್ಚು ಕರೆಂಟ್ ಕೊಡಬಲ್ಲದು. ಬೆಂಕಿಕಡ್ಡಿ ದಪ್ಪವೂ ಇಲ್ಲದ ವೈರ್ ಅದನ್ನು ತಾಳೀತೇ? ಈ ವೈರ್ ನೇರ ಟರ್ಮಿನಲ್‌ನಿಂದ ಬಂದಿದ್ದರಿಂದ ಕೀ ಆಗಲಿ, ಬೈಕಿನ ಮೇನ್ ಫ್ಯೂಸ್ ಆಗಲಿ ಇದರ ದಾರಿಯಲ್ಲೇ ಇರಲಿಲ್ಲ. ಲೈಟ್ ಆಫ್ ಇದ್ದಿದ್ದರೂ ಇದೇ ಆಗುತ್ತಿತ್ತು.

ಫ್ಯೂಸ್ ಇರುವುದು ಲೈಟ್ ಕಾಪಾಡುವುದಕ್ಕೆ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ, ನಾನೂ ಹಾಗೇ ತಿಳಿದಿದ್ದೆ. ಅದು ಕಾಪಾಡುವುದು ವೈರನ್ನು, ಅದೂ ತನ್ನಿಂದ ಮುಂದಿರುವ ವೈರನ್ನು ಮಾತ್ರ. ಬ್ಯಾಟರಿಗೂ ಫ್ಯೂಸಿಗೂ ನಡುವೆ ಇರುವಷ್ಟು ಉದ್ದಕ್ಕೆ ಯಾವ ಕಾವಲೂ ಇಲ್ಲ. ಹಾಗಾಗಿ ಫ್ಯೂಸ್ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಇರಬೇಕು, ಇನ್ನೂ ಹತ್ತಿರ ಇದ್ದರೆ ಒಳ್ಳೆಯದು. ಬದಲಾಯಿಸಲು ಸೀಟು ಬಿಚ್ಚಬೇಕಾದರೆ ಬಿಚ್ಚೋಣ.

ನಿಮ್ಮದು ಹೇಗಿದೆ ಅಂತ ತಿಳಿಯಲು ಸುಲಭ ದಾರಿ ಇದೆ. ಎಕ್ಸ್‌ಟ್ರಾ ಲೈಟಿನ ಫ್ಯೂಸ್ ಕಿತ್ತಿಡಿ. ಟೆಸ್ಟ್ ಲ್ಯಾಂಪ್ ಅಥವಾ ಮಲ್ಟಿಮೀಟರ್ ಹಿಡಿದು ಆ ವೈರಿನಲ್ಲಿ ಇನ್ನೂ ಎಲ್ಲಿಯವರೆಗೆ 12 ವೋಲ್ಟ್ ಬರುತ್ತಿದೆ ನೋಡಿ. ಅಷ್ಟುದ್ದ ವೈರ್ ರಕ್ಷಣೆ ಇಲ್ಲದೆ ಓಡಾಡುತ್ತಿದೆ. ನನ್ನದರಲ್ಲಿ ಅದು ಹತ್ತಿರ ಹತ್ತಿರ ಎರಡು ಮೊಳ ಇತ್ತು.

ಫ್ಯೂಸ್ ಎಷ್ಟರದ್ದು ಹಾಕಬೇಕು ಅನ್ನುವುದರಲ್ಲೂ ನಾನು ತಪ್ಪಿದ್ದೆ. ಡಬ್ಬಿಯ ಮೇಲೆ ಬರೆದ ವ್ಯಾಟ್ ನಂಬಬೇಡಿ. ನನ್ನ ಲೈಟುಗಳನ್ನು ಮೀಟರ್ ಇಟ್ಟು ಅಳೆದಾಗ ಎರಡೂ ಸೇರಿ ಎಳೆದದ್ದು 5 ಆಂಪಿಯರಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅದಕ್ಕೆ ಕಂದು ಬಣ್ಣದ 7.5 ಸಾಕು. ಫ್ಯೂಸ್ ತನ್ನ ಮೇಲೆ ಬರೆದ ಅಂಕಿ ದಾಟಿದ ಕೂಡಲೇ ಹಾರುವುದಿಲ್ಲ, ಇದೂ ನೆನಪಿರಲಿ. 10 ಆಂಪಿಯರಿನ ಬ್ಲೇಡ್ ಫ್ಯೂಸ್ (ಗಾಡಿಗಳಲ್ಲಿ ಸಿಕ್ಕಿಸುವ ಚಪ್ಪಟೆ ಕಾಲಿನ ಫ್ಯೂಸ್) 13.5 ಆಂಪಿಯರನ್ನು ಹತ್ತು ನಿಮಿಷದವರೆಗೂ ತಡೆದುಕೊಳ್ಳಬಹುದು. ಆದ್ದರಿಂದ ವೈರ್ ತಾಳುವ ಕರೆಂಟಿಗಿಂತ ಫ್ಯೂಸ್ ಸಾಕಷ್ಟು ಕೆಳಗಿರಬೇಕು. ಪದೇ ಪದೇ ಹೋಗುತ್ತಿದೆ ಅಂತ 20, 30ರದ್ದು ಸಿಕ್ಕಿಸಿದರೆ ಆಮೇಲೆ ಫ್ಯೂಸಿನ ಕೆಲಸವನ್ನು ವೈರ್ ಮಾಡುತ್ತದೆ, ಟ್ಯಾಂಕಿನ ಕೆಳಗೆ.

ರಿಲೇ ಇದೆಯಲ್ಲ ಅನ್ನುವವರಿಗೆ: ರಿಲೇ ಬರೀ ಸ್ವಿಚ್. ಅದರ 30ನೇ ಪಿನ್ನಿಗೆ ಬ್ಯಾಟರಿಯಿಂದ ಬರುವ ವೈರಿನಲ್ಲಿ ಸದಾ ಕರೆಂಟ್ ಇರುತ್ತದೆ, ಫ್ಯೂಸ್ ಅದಕ್ಕೂ ಮೊದಲೇ, ಬ್ಯಾಟರಿಯ ಬಳಿ ಇರಬೇಕು. 87ರಿಂದ ಲೈಟಿಗೆ ಹೋಗುತ್ತದೆ. 85, 86 ರಿಲೇಯನ್ನು ಆನ್ ಮಾಡುವ ಒಳಗಿನ ಕಾಯಿಲ್‌ಗೆ. ಕಾಯಿಲ್‌ಗೆ ಕೀ ಆನ್ ಆದಾಗ ಮಾತ್ರ ಬರುವ ಕರೆಂಟನ್ನೇ ಕೊಡಿಸಿ, ಇಲ್ಲದಿದ್ದರೆ ಲೈಟ್ ಮರೆತು ಹೋದ ದಿನ ಬ್ಯಾಟರಿ ಖಾಲಿ.

ವೈರಿಂಗ್ ಪೂರ್ತಿ ಕಿತ್ತು ಹೊಸದಾಗಿ ಮಾಡಿಸಿದೆ. 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್, ಮೇಲೆ ಸ್ಲೀವ್. ಜಾಯಿಂಟುಗಳಿಗೆ ತಿರುಚಿ ಟೇಪ್ ಸುತ್ತಲು ಬಿಡಲಿಲ್ಲ, ಎಂಜಿನ್ ಕಾವಿಗೆ ಟೇಪಿನ ಗೋಂದು ಮೆತ್ತಗಾಗಿ ಬಿಚ್ಚಿಕೊಳ್ಳುತ್ತದೆ. ಎಲ್ಲ ಕಡೆ ಕ್ರಿಂಪ್ ಮಾಡಿ (ಲೋಹದ ತುಂಡಿನಲ್ಲಿ ವೈರ್ ಇಟ್ಟು ಒತ್ತಿ ಬಿಗಿದು) ಹೀಟ್ ಶ್ರಿಂಕ್, ಅಂದರೆ ಬಿಸಿ ಮಾಡಿದರೆ ಕುಗ್ಗಿ ಅಂಟುವ ಕೊಳವೆ, ಹಾಕಿಸಿದೆ. ಮೈನಸ್ ವೈರನ್ನೂ ಫ್ರೇಮಿಗೆ ಕೊಡದೆ ಬ್ಯಾಟರಿಗೇ ತಂದೆವು. ಸ್ಟೀರಿಂಗ್ ಕತ್ತಿನ ಬಳಿ ಕಂಪನಿ ವೈರಿಂಗ್ ಬಾಗುವ ದಾರಿಯಲ್ಲೇ, ಸ್ವಲ್ಪ ಸಡಿಲ ಬಿಟ್ಟು ಒಯ್ದರು. ಟ್ಯಾಂಕ್ ಕೂರಿಸುವ ಮೊದಲು ಹ್ಯಾಂಡಲನ್ನು ಎಡದ ತುದಿಯಿಂದ ಬಲದ ತುದಿಗೆ ಹತ್ತು ಸಲ ತಿರುಗಿಸಿ, ಯಾವ ವೈರ್ ಎಳೆಯುತ್ತದೆ, ಯಾವುದು ಉಜ್ಜುತ್ತದೆ ಅಂತ ಟಾರ್ಚ್ ಹಿಡಿದು ನೋಡಿದೆ. ಈ ಒಂದು ಕೆಲಸವನ್ನು ಮಾತ್ರ ನೀವೇ ನಿಂತು ಮಾಡಿಸಿ.

ಮೊದಲು ಫಿಟ್ಟಿಂಗ್ ಮಾಡಿದವರಿಗೆ ಸುಟ್ಟ ವೈರ್ ಒಯ್ದು ತೋರಿಸಿದೆ. ಜಗಳಕ್ಕೆ ಹೋಗಿರಲಿಲ್ಲ. ಅವರು ಆ ಗುಳಿ ಬಿದ್ದ ಜಾಗದ ಫೋಟೋ ಸುಮಾರು ಹೊತ್ತು ನೋಡಿ, "ಎಲ್ಲರಿಗೂ ಮುಂದೇನೇ ಹಾಕ್ತಿದ್ದೆ ಸರ್" ಅಂದರು. ಅವರ ಹತ್ತಿರ ಹಾಕಿಸಿಕೊಂಡವರ ಫೋನ್ ನಂಬರುಗಳು ಒಂದು ನೋಟ್ ಪುಸ್ತಕದಲ್ಲಿದ್ದವು. ನಾನು ಅಲ್ಲಿರುವಾಗಲೇ ಮೂವರಿಗೆ ಫೋನ್ ಮಾಡಿ ಬೈಕ್ ತರಲು ಹೇಳಿದರು.