ದುಡ್ಡು ಕೊಟ್ಟು ಕೂಲಿಗೆ ಹೋಗಿ ಬಂದೆ, ನೀವು ಹೋಗಬೇಡಿ

ದಾವಣಗೆರೆಯ ವಾಟ್ಸಾಪ್ ಗ್ರೂಪುಗಳಲ್ಲಿ ಮತ್ತೆ ಅದೇ ಪೋಸ್ಟರ್ ಓಡಾಡುತ್ತಿದೆ: 'ಆಫ್ರಿಕಾದ ಹಳ್ಳಿ ಶಾಲೆಯಲ್ಲಿ ಪಾಠ ಮಾಡಿ, ಸರ್ಟಿಫಿಕೇಟ್ ಪಡೆಯಿರಿ'. ಅದರಲ್ಲಿ ತಲೆ ಮೇಲೆ ಬಾಂಡ್ಲಿ ಹೊತ್ತು ಹಲ್ಲು ಕಿರಿಯುತ್ತಿರುವುದು ನಾನೇ. ಫೋಟೋ ಹಾಕುವ ಮುಂಚೆ ನನ್ನನ್ನು ಒಂದು ಮಾತೂ ಕೇಳಿಲ್ಲ.

ಟಾಂಜಾನಿಯಾ, ನಾಲ್ಕು ವಾರ. ವಿಮಾನದ ಟಿಕೆಟ್ ಬಿಟ್ಟು ಏಜೆಂಟ್‌ಗೆ 1 ಲಕ್ಷ 10 ಸಾವಿರ ಕಟ್ಟಿದ್ದೆ. ಬಿ.ಎಡ್. ಮುಗಿದಿತ್ತು, ಗಣಿತ ಹೇಳಿಕೊಡೋಣ ಅಂತ ಹೋದೆ. ಅಲ್ಲಿ ಸರ್ಕಾರಿ ಪ್ರೈಮರಿ ಶಾಲೆಯಲ್ಲಿ ಪಾಠ ಸ್ವಾಹಿಲಿಯಲ್ಲಿ, ಇಂಗ್ಲಿಷಿನಲ್ಲಿ ಪಾಠ ಸೆಕೆಂಡರಿಗೆ ಹೋದ ಮೇಲೆ. ಇದನ್ನು ಇಲ್ಲಿ ಯಾರೂ ಹೇಳಿರಲಿಲ್ಲ. ಮೊದಲ ದಿನ ಅರ್ಧ ಗಂಟೆ ಬೋರ್ಡ್ ಮುಂದೆ ಒದ್ದಾಡಿದೆ. ಮಕ್ಕಳು ಪಾಪ, ಸುಮ್ನೆ ನೋಡುತ್ತಿದ್ದವು. ಮಾರನೇ ದಿನ ಕೈಗೆ ಸಲಿಕೆ ಬಂತು.

ಹೊಸ ರೂಮು ಕಟ್ಟುವುದಿತ್ತು. ನೀರು ಹೊರು, ಸಿಮೆಂಟು ಕಲಸು, ಇಟ್ಟಿಗೆ ಇಡು. ನಮ್ಮ ಸೋದರಮಾವ ನಿಟ್ಟುವಳ್ಳಿಯಲ್ಲಿ ಗಾರೆ ಮೇಸ್ತ್ರಿ, ಸಣ್ಣವನಿದ್ದಾಗಿಂದ ಅವರ ಕೆಲಸ ನೋಡಿದವನು ನಾನು. ನಮ್ಮ ಜೊತೆಯವರು ಬಿಸಿಲಿಗೆ ಗಟ್ಟಿಯಾದ ಸಿಮೆಂಟಿಗೆ ಮತ್ತೆ ನೀರು ಸುರಿದು ಕಲಸುತ್ತಿದ್ದರು. ಮಾವ ಇದ್ದಿದ್ದರೆ ಕರಣೆಯಲ್ಲೇ ಬಾರಿಸುತ್ತಿದ್ದರು. ತಡೆಯಲಾಗದೆ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟೆ. ಎದೆಮಟ್ಟದ ಗೋಡೆ ಎರಡು ಬೆರಳು ಹೊರಗೆ ವಾಲಿತ್ತು. ಅದರ ಪಕ್ಕ ಮಕ್ಕಳು ಕೂರಬೇಕು, ಅಲ್ವಾ?

ಊರಲ್ಲೇ ಇಬ್ಬರು ಫುಂಡಿಗಳಿದ್ದರು. ಅಲ್ಲಿ ಮೇಸ್ತ್ರಿಗೆ ಹಾಗನ್ನುತ್ತಾರೆ. ಕೆಲಸವಿಲ್ಲದೆ ಮರದ ಕೆಳಗೆ ಕೂತು ನಮ್ಮ ಗೋಡೆ ನೋಡುತ್ತಿದ್ದರು. ನಗುತ್ತಲೂ ಇರಲಿಲ್ಲ. ನಮ್ಮೆಲ್ಲರ ದುಡ್ಡಲ್ಲಿ ಶಾಲೆಗೆ ಬಂದದ್ದು ಹದಿನೈದು ಮೂಟೆ ಸಿಮೆಂಟು ಮಾತ್ರ ಅಂತ ಹೆಡ್‌ಮಾಸ್ಟರ್ ಆಮೇಲೆ ಹೇಳಿದರು. ಆ ಇಬ್ಬರಿಗೆ ಕೂಲಿ ಕೊಟ್ಟಿದ್ದರೆ ಗೋಡೆಯಾದರೂ ನೆಟ್ಟಗೆ ಏಳುತ್ತಿತ್ತು.

ಊಟದ ಬಗ್ಗೆ ದೂರಿಲ್ಲ. ಉಗಾಲಿ ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ನಮ್ಮ ಜಿಲ್ಲೆಯಲ್ಲಿ ಬೆಳೆದು ಕೋಳಿ ಫೀಡಿಗೆ ಕಳಿಸುತ್ತೇವಲ್ಲ, ಅದೇ ಅಲ್ಲಿ ಹೊಟ್ಟೆ ತುಂಬಿಸುವ ಊಟ.

ಜಾಸ್ತಿ ಹೆದರಿಸಿದ್ದು ವೀಸಾ. ಏಜೆಂಟ್ ಟೂರಿಸ್ಟ್ ವೀಸಾ ಮಾಡಿಸಿ, 'ಯಾರಾದರೂ ಕೇಳಿದರೆ ಸಫಾರಿಗೆ ಬಂದಿದ್ದೀನಿ ಅನ್ನಿ' ಅಂದಿದ್ದ. ಆ ವೀಸಾದಲ್ಲಿ ಸಂಬಳವಿಲ್ಲದ ಕೆಲಸವನ್ನೂ ಮಾಡುವಂತಿಲ್ಲ, ಬೇರೆ ಪರ್ಮಿಟ್ ಬೇಕು. ಮೂರನೇ ವಾರ ಇಮಿಗ್ರೇಷನ್‌ನವರು ಬರುತ್ತಾರೆ ಅಂತ ಸುದ್ದಿಯಾಗಿ, ಇಡೀ ದಿನ ನಮ್ಮನ್ನು ರೂಮಲ್ಲಿ ಕೂರಿಸಿ ಬಾಗಿಲು ಹಾಕಿದರು. ಸಿಕ್ಕಿಬಿದ್ದಿದ್ದರೆ ಪಾಸ್‌ಪೋರ್ಟ್ ನಂದು, ಅವನದಲ್ಲ.

ಇನ್ನೂ ಹೋಗುವ ಮನಸ್ಸಿದ್ದರೆ, ದುಡ್ಡು ಕಟ್ಟುವ ಮುಂಚೆ ಪರ್ಮಿಟ್ ಯಾವುದು ಅಂತ ಬರಹದಲ್ಲಿ ಕೇಳಿ. ಹೆಡ್‌ಮಾಸ್ಟರ್ ಜೊತೆ ನೀವೇ ಫೋನಲ್ಲಿ ಮಾತಾಡಿ, ಅವರಿಗೆ ಬೇಕಿರುವುದು ಮೇಷ್ಟ್ರೋ ಸಿಮೆಂಟೋ ತಿಳಿಯುತ್ತದೆ.

ವಾಪಸ್ ಬಂದು ಅರ್ಧ ದುಡ್ಡಾದರೂ ಕೊಡಿ ಅಂತ ಏಜೆಂಟ್‌ನ ಕೇಳಿದೆ. ರಸೀದಿ ನೋಡಿಕೊಳ್ಳಿ ಅಂದ. ನೋಡಿದೆ. ಶಾಲೆ ಅನ್ನುವ ಪದವೇ ಅದರಲ್ಲಿಲ್ಲ, 'ಟೂರ್ ಪ್ಯಾಕೇಜ್' ಅಂತಿದೆ. ಕೆಳಗೆ ನನ್ನದೇ ಸಹಿ.